ಹರಿಹರದ ಹಬ್ಬಕ್ಕೆ ಹೋಗಿ ಬಂದುದು

ದೂರದೇಶಗಳನ್ನು ಸುತ್ತಿ ಬಂದವರ ಪ್ರವಾಸಕಥನಗಳನ್ನು ವಾಚಕರು ಬೇಕಾದಷ್ಟು ಓದಿರುವರು. ನಾವು ಈಗ ಹೇಳಹೊರಟಿರುವ ಪ್ರಯಾಣವಾದರೋ ಸುಮಾರು ೧೪ ಕಿಲೋಮೀಟರುಗಳದು ಮಾತ್ರ. ದಾವಣಗೆರೆಯಲ್ಲಿ ಬೆಳಗಿನ ಕಾಫಿ ಕುಡಿದು ಹೊರಟವನು ಬಿಸಿಲೇರುವುದರೊಳಗಾಗಿ ಹರಿಹರದ ಹೊಳೆಯ ದಂಡೆಯಲ್ಲಿ ನಿಂತಿರಬಹುದು. ಆದರೂ ಈ ಅಲ್ಪದೂರವನ್ನು ಕ್ರಮಿಸುವುದಕ್ಕೆ ನಮಗೆ ಆರು ವರ್ಷಗಳು ಹಿಡಿದುವು. ಅದು ಹೇಗಾಯಿತೆಂಬುದನ್ನು ಮರೆಮಾಚದೆ ತಿಳಿಸುವುದೇ ಈ ಲೇಖನದ ಉದ್ದೇಶವು.

ದಾವಣಗೆರೆಯು ಹಿಂದೆ ಹೆಸರಿಲ್ಲದ ಒಂದು ಚಿಕ್ಕ ಹಳ್ಳಿಯಾಗಿತ್ತು. ಹೈದರಾಲಿಯು ಅದನ್ನು ಆಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಆತನು ವರ್ತಕರನ್ನು ಕರೆತಂದು ನೆಲೆಗೊಳಿಸಿದನೆಂದೂ ಗ್ಯಾಸೆಟಿಯರುಗಳಲ್ಲಿ ಬರೆದಿದೆ. ಅಂದು ಬೇರೂರಿದ ವ್ಯಾಪಾರವು ಮುಂದೆ ಹತ್ತಿಯ ಗಿರಣಿಗಳಾಗಿ ಬೆಳೆದು, ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದನ್ನು ತಂದಿತು. ೧೯೯೭ರ ಆಗಸ್ಟ್ ೧೫ರಂದು ಇದು ಪ್ರತ್ಯೇಕ ಜಿಲ್ಲೆಯ ಮುಖ್ಯ ಪಟ್ಟಣವೂ ಆಯಿತು. ಆ ವೇಳೆಗೆ ಗಿರಣಿಗಳ ವೈಭವದ ಕಾಲವು ಕಳೆದುಹೋಗಿತ್ತು. ಒಂದು ಕಾಲದಲ್ಲಿ ಗಡಿಯಾರದ ಬದಲಿಗೆ ಊರನ್ನೆಬ್ಬಿಸುತ್ತಿದ್ದ ಗಿರಣಿಯ ಕೂಗನ್ನು ಈಗ ಹಿರಿಯರ ಮಾತಿನಲ್ಲಿ ಮಾತ್ರ ಕೇಳಬಹುದು. ಈ ಊರಿನ ಬೆಣ್ಣೆದೋಸೆಯ ಕೀರ್ತಿಯಾದರೋ ಕುಂದಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಮುದುಕಿ ಇದ್ದಳು. ಆಕೆಯ ಗಂಡನು ಗಿರಣಿಯಲ್ಲಿ ನೂಲಿನ ಕೆಲಸ ಮಾಡಿ ತೀರಿಕೊಂಡವನು. ಮಕ್ಕಳು ದೂರದ ಊರುಗಳಲ್ಲಿದ್ದರು. ಒಂದೇ ಕೋಣೆಯ ಮನೆ; ಅದರ ಬಾಗಿಲ ಬಳಿ ಒಂದು ಮಣ್ಣಿನ ಗಡಿಗೆ, ಅದರ ಮೇಲೆ ಕವುಚಿದ ಲೋಟ. ಬಿಸಿಲಿನಲ್ಲಿ ಬಂದ ಅಂಚೆಯವನೂ ತರಕಾರಿ ಮಾರುವವಳೂ ಅಲ್ಲಿ ನಿಂತು ನೀರು ಕುಡಿದು ಹೋಗುತ್ತಿದ್ದರು. ಆಕೆಯು ಕ್ರೈಸ್ತಳು, ಓದು ಬರಹ ಬಾರದು. ಆದರೂ ಸುವಾರ್ತೆಯ ಕಥೆಗಳೆಲ್ಲವೂ ಬಾಯಿಪಾಠವಾಗಿದ್ದುವು. ಕನ್ನಡದ ಸಂಪೂರ್ಣ ಸತ್ಯವೇದವು ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ೧೮೩೧ರಲ್ಲಿ ಅಚ್ಚಾಯಿತು. ಅಂದಿನಿಂದ ಎಷ್ಟೋ ಮನೆಗಳಲ್ಲಿ ಒಬ್ಬರು ಓದುವುದೂ ಉಳಿದವರು ಕೇಳಿ ನೆನಪಿನಲ್ಲಿಡುವುದೂ ನಡೆದು ಬಂದಿದೆ. ನಮ್ಮ ಅಜ್ಜಿಯು ಹಾಗೆ ಕೇಳಿ ಕಲಿತವಳು.

ಆಕೆಗೆ ಬಹಳ ಪ್ರಿಯವಾದುದು ಹತ್ತು ಮಂದಿ ಕನ್ಯೆಯರ ಸಾಮ್ಯವು. ಮದುಮಗನನ್ನು ಎದುರುಗೊಳ್ಳಲು ಹತ್ತು ಮಂದಿ ದೀಪ ಹಿಡಿದು ಹೋದರು, ಅವನು ಬರುವುದು ತಡವಾಯಿತು, ಎಲ್ಲರೂ ತೂಕಡಿಸಿದರು. ನಡುರಾತ್ರಿಯಲ್ಲಿ ಕೂಗು ಕೇಳಿಸಿದಾಗ ಐವರ ಬಳಿ ಎಣ್ಣೆಯಿತ್ತು, ಐವರ ಬಳಿ ಇರಲಿಲ್ಲ. ಇಲ್ಲದವರು ಕೇಳಿದರು, ಇದ್ದವರು ಕೊಡಲಿಲ್ಲ. ಕೊಳ್ಳಲು ಹೋದವರು ಹಿಂದಿರುಗುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಈ ಕಥೆಯನ್ನು ಕೇಳಿ ನಾವು ಒಮ್ಮೆ ಆಕ್ಷೇಪಿಸಿದ್ದುಂಟು: “ಅಜ್ಜಿ, ಆ ಜಾಣೆಯರು ಸ್ವಲ್ಪ ಎಣ್ಣೆ ಕೊಟ್ಟಿದ್ದರೆ ಏನಾಗುತ್ತಿತ್ತು? ನೀನಾದರೆ ಕೊಡದೆ ಇರುತ್ತಿದ್ದೆಯಾ?” ಆಕೆಯು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದವಳು ತಲೆಯೆತ್ತದೆಯೇ ಹೇಳಿದಳು: “ಕೊಡಬಾರದು ಅಂತ ಅಲ್ಲಪ್ಪಾ, ಕೊಡಲಿಕ್ಕೆ ಬರುವುದಿಲ್ಲ. ನಾನು ಉಂಡರೆ ನಿನ್ನ ಹಸಿವು ಹೋದೀತೆ?”

ಈ ಅಜ್ಜಿಯು ಆರು ವರ್ಷಗಳ ಹಿಂದೆ ನಮ್ಮನ್ನು ಒಂದು ಮಾತು ಕೇಳಿದ್ದಳು. ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ತನ್ನನ್ನು ಒಂದು ಸಲ ಕರೆದುಕೊಂಡು ಹೋಗಬೇಕೆಂಬುದೇ ಅದು. ಮೊಣಕಾಲು ನೋವಿನಿಂದ ಆಕೆಯು ಒಂಟಿಯಾಗಿ ಬಸ್ಸು ಹತ್ತಲಾರಳು. “ಆಗಲಿ ಅಜ್ಜಿ, ಈ ಸಲ ಹೋಗೋಣ” ಎಂದೆವು. ಆ ವರ್ಷ ಮನೆಯಲ್ಲಿ ಮದುವೆ. ಮರುವರ್ಷ ಮಳೆ. ಅದರ ಮುಂದಿನ ವರ್ಷ ಪರವೂರಿನ ಕೆಲಸ. ಹೀಗೆ ಕಾರಣಗಳು ಒಂದರ ಹಿಂದೊಂದಾಗಿ ಒದಗಿದುವು. ಅವೆಲ್ಲವೂ ನಿಜವಾದ ಕಾರಣಗಳೇ. ಆಕೆಯು ಒಮ್ಮೆಯೂ ಬೇಸರಪಟ್ಟುಕೊಳ್ಳಲಿಲ್ಲ. ಕಳೆದ ಆಗಸ್ಟಿನಲ್ಲಿ, ಹಬ್ಬಕ್ಕೆ ಇನ್ನು ಮೂರು ವಾರವಿರುವಾಗ, ಒಂದು ರಾತ್ರಿ ನಿದ್ರೆಯಲ್ಲಿಯೇ ತೀರಿಕೊಂಡಳು. ಮಗಳು ಬಂದು ಪೆಟ್ಟಿಗೆ ತೆರೆದಾಗ ಒಗೆದ ಸೀರೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಒಂದು ಮೇಣದ ಬತ್ತಿಯೂ ಬಸ್ಸಿನ ಖರ್ಚಿಗೆಂದು ಗಂಟು ಕಟ್ಟಿದ ಹಣವೂ ದೊರೆತುವು. ಆರು ವರ್ಷವೂ ಆಕೆಯು ಸಿದ್ಧವಾಗಿಯೇ ಇದ್ದಳು. ಸಿದ್ಧರಾಗದವರು ನಾವು.

ಮಗಳು ಆ ಬತ್ತಿಯನ್ನು ನಮ್ಮ ಕೈಯಲ್ಲಿಟ್ಟಳು. ಸೆಪ್ಟೆಂಬರ್ ೮ರಂದು ಬೆಳಿಗ್ಗೆ ನಾವು ಹೊರಟೆವು.

ಬಸ್ಸು ಕಿಕ್ಕಿರಿದಿತ್ತು. ದೊಡ್ಡಬಾತಿಯನ್ನು ದಾಟಿದ ಮೇಲೆ ಭದ್ರಾ ನಾಲೆಯ ನೀರುಂಡ ಗದ್ದೆಗಳು ಹಸುರಾಗಿ ಹಬ್ಬಿಕೊಂಡಿದ್ದುವು. ಪುಸ್ತಕದ ಚೀಲ ಹೊತ್ತ ಹುಡುಗನೊಬ್ಬನು ಕೂಸನ್ನೆತ್ತಿಕೊಂಡ ಹೆಂಗಸಿಗೆ ತನ್ನ ಸ್ಥಳವನ್ನು ಬಿಟ್ಟುಕೊಟ್ಟು ದಾರಿಯುದ್ದಕ್ಕೂ ಕಂಬಿಗೆ ಜೋತು ನಿಂತನು. ಯಾರೂ ಅವನಿಗೆ ಹೇಳಿರಲಿಲ್ಲ. ಯಾರೂ ಹೊಗಳಲೂ ಇಲ್ಲ. ಅಜ್ಜಿಯು ಇದ್ದಿದ್ದರೆ ಗಮನಿಸುತ್ತಿದ್ದಳು ಎಂದುಕೊಂಡೆವು.

ಹರಿಹರವು ತುಂಗಭದ್ರೆಯ ಬಲದಂಡೆಯಲ್ಲಿರುವ ಪುರಾತನ ಕ್ಷೇತ್ರವು. ಸೂಳೆಕೆರೆಯಿಂದ ಹರಿದುಬರುವ ಹರಿದ್ರಾ ಹಳ್ಳವು ಇಲ್ಲಿ ಹೊಳೆಯನ್ನು ಕೂಡುವುದರಿಂದ ಹಿಂದೆ ಇದಕ್ಕೆ ಕೂಡಲೂರೆಂಬ ಹೆಸರಿತ್ತು. ಗುಹನೆಂಬ ಅಸುರನು ಹರಿಯಿಂದಲೂ ಹರನಿಂದಲೂ ಸಾವು ಬಾರದಂತೆ ವರ ಪಡೆದು ಲೋಕವನ್ನು ಪೀಡಿಸಿದಾಗ, ಇಬ್ಬರೂ ಒಂದೇ ದೇಹವಾಗಿ ಬಂದು ಅವನನ್ನು ಸಂಹರಿಸಿದರೆಂದು ಸ್ಥಳಪುರಾಣವು ಹೇಳುತ್ತದೆ. ಆ ಒಂದಾದ ಮೂರ್ತಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೪ರ ಸುಮಾರಿನಲ್ಲಿ ಕಟ್ಟಿಸಿದ ದೇಗುಲವು ಇಂದಿಗೂ ನಿಂತಿದೆ. ಮುಖಮಂಟಪದ ಕಂಬಗಳು ಚರಕಿಯಲ್ಲಿ ಕಡೆದಂತೆ ನುಣುಪಾಗಿವೆ. ಇದೇ ಊರಿನಲ್ಲಿ ೧೯೪೧ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಕಬ್ಬಿಣವನ್ನು ಕಡೆಯುವ ಲೇತು ಯಂತ್ರಗಳನ್ನು ಮಾಡಿ ಹೆಸರು ಪಡೆಯಿತೆಂಬುದು ಒಂದು ವಿನೋದವೇ ಸರಿ. ಕಲ್ಲಿನ ಕಂಬಗಳು ಉಳಿದಿವೆ. ಆ ಕಾರ್ಖಾನೆಯು ಮುಚ್ಚಿಹೋಯಿತು.

ಹೊಳೆಯು ಆ ದಿನ ಎರಡು ದಡವನ್ನೂ ಮುಟ್ಟಿ ಕೆಂಪಾಗಿ ಹರಿಯುತ್ತಿತ್ತು. ೧೮೬೮ರಲ್ಲಿ ಮುಗಿದ ಕಲ್ಲು ಇಟ್ಟಿಗೆಯ ಕಮಾನಿನ ಸೇತುವೆಯು ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಗೆಂದು ಕಟ್ಟಿದುದು. ಆ ಕಾಲದಲ್ಲಿ ಈಚೆಯದು ಮೈಸೂರು ಸೀಮೆ, ಆಚೆಯದು ಮುಂಬಯಿ ಇಲಾಖೆ. ಸೇತುವೆಗೆ ಮುಂಚೆ ಎರಡು ಸೀಮೆಯವರನ್ನೂ ತುಂಬಿದ ಹೊಳೆಯಲ್ಲಿ ದಾಟಿಸುತ್ತಿದ್ದ ಅಂಬಿಗರ ಹೆಸರನ್ನು ಯಾವ ಶಾಸನವೂ ಬರೆದಿಟ್ಟಿಲ್ಲ.

ಆರೋಗ್ಯಮಾತೆಯ ಗುಡಿಯು ೧೯೮೮ರಲ್ಲಿ ಸ್ಥಾಪಿತವಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದೆ. ಈಚಿನ ವರ್ಷಗಳಲ್ಲಿ ಇದಕ್ಕೆ ಕಿರಿಯ ಬೆಸಿಲಿಕಾ ಎಂಬ ಗೌರವವು ದೊರೆತಿರುವುದು. ಸೆಪ್ಟೆಂಬರ್ ೮ ಮರಿಯಮ್ಮನವರ ಜನ್ಮದಿನವಾದುದರಿಂದ ತಮಿಳುನಾಡಿನ ವೇಳಾಂಗಣಿಯಲ್ಲಿ ನಡೆಯುವಂತೆಯೇ ಇಲ್ಲಿಯೂ ಅಂದು ಮಹೋತ್ಸವವು. ಅದಕ್ಕೆ ಮುಂಚೆ ಒಂಬತ್ತು ದಿನಗಳ ಪ್ರಾರ್ಥನೆ. ಬಂದವರಲ್ಲಿ ಕ್ರೈಸ್ತರು ಮಾತ್ರವೇ ಇರಲಿಲ್ಲ. ಹಣೆಯಲ್ಲಿ ವಿಭೂತಿ ಧರಿಸಿದವರೂ, ಕುಂಕುಮವಿಟ್ಟವರೂ, ಬುರುಕಿ ತೊಟ್ಟವರೂ ಒಂದೇ ಸಾಲಿನಲ್ಲಿ ನಿಂತಿದ್ದರು. ರೋಗವು ಜಾತಿಯನ್ನು ಕೇಳಿ ಬರುವುದಿಲ್ಲವಾದ ಕಾರಣ ಆರೋಗ್ಯವನ್ನು ಬೇಡುವವರಲ್ಲಿಯೂ ಜಾತಿಯಿಲ್ಲದಿರುವುದು ಯುಕ್ತವಾಗಿಯೇ ಇದೆ.

ಬತ್ತಿಗಳನ್ನು ಹಚ್ಚುವ ಸ್ಥಳದಲ್ಲಿ ಗಾಳಿಯು ಬಲವಾಗಿ ಬೀಸುತ್ತಿತ್ತು. ನಾವು ಹಚ್ಚಿದ ಬತ್ತಿಯು ಮೂರು ಸಲ ಆರಿತು. ಆರು ವರ್ಷ ಹಳೆಯ ಬತ್ತಿ. ಅದರ ಎಳೆ ಮೆತ್ತಗಾಗಿತ್ತು. ಕೈ ನಡುಗಿತೆಂದು ಒಪ್ಪಿಕೊಳ್ಳುವುದಕ್ಕೆ ನಾಚಿಕೆಯೇಕೆ? ಪಕ್ಕದಲ್ಲಿ ಹೂ ಮಾರುತ್ತಿದ್ದ ಹೆಂಗಸೊಬ್ಬಳು ಬುಟ್ಟಿಯನ್ನು ಬಿಟ್ಟು ಎದ್ದು ಬಂದು ಸೆರಗನ್ನು ಹರಡಿ ಗಾಳಿಗೆ ಅಡ್ಡವಾಗಿ ನಿಂತಳು. ಬತ್ತಿಯು ಹೊತ್ತಿಕೊಂಡಿತು. ಹೂವು ಕೊಳ್ಳೋಣವೆಂದು ತಿರುಗುವಷ್ಟರಲ್ಲಿ ಆಕೆಯು ಇನ್ನೊಬ್ಬ ಮುದುಕನ ದೀಪಕ್ಕೆ ಸೆರಗನ್ನು ಹಿಡಿದಿದ್ದಳು. ವ್ಯಾಪಾರವು ಆ ಹೊತ್ತಿಗೆ ನಿಂತೇ ಹೋಗಿತ್ತು.

ನಾವು ಆ ದೀಪದೆದುರು ಬಹಳ ಹೊತ್ತು ನಿಂತೆವು. ಅಜ್ಜಿಯ ಹೆಸರಿನಲ್ಲಿ ಹಚ್ಚಿದುದಾಯಿತು. ಇನ್ನಾದರೂ ಮನಸ್ಸು ಹಗುರವಾಗಬೇಕಾಗಿತ್ತು, ಆಗಲಿಲ್ಲ. ಆಗ ಆಕೆಯ ಮಾತಿನ ಅರ್ಥವು ನಮಗೆ ತಿಳಿಯಿತು. ಆ ಬತ್ತಿಯು ಆಕೆಯದು, ಅದರ ಬೆಳಕೂ ಆಕೆಯದೇ. ಅದನ್ನು ಹೊತ್ತು ತಂದ ಮಾತ್ರಕ್ಕೆ ನಮ್ಮ ದೀಪದಲ್ಲಿ ಎಣ್ಣೆ ತುಂಬುವುದಿಲ್ಲ.

ಹಾಗಾದರೆ ಆ ಎಣ್ಣೆಯಾವುದು? ಮತ್ತಾಯನ ಸುವಾರ್ತೆಯ ೨೫ನೆಯ ಅಧ್ಯಾಯವನ್ನು ಕೊನೆಯವರೆಗೆ ಓದಿದವರಿಗೆ ಉತ್ತರವು ಅಲ್ಲಿಯೇ ದೊರೆಯುವುದು. ಕನ್ಯೆಯರ ಸಾಮ್ಯದಿಂದ ಪ್ರಾರಂಭವಾಗುವ ಆ ಅಧ್ಯಾಯವು ಕಡೆಯ ನ್ಯಾಯತೀರ್ಪಿನ ಚಿತ್ರದಿಂದ ಮುಗಿಯುತ್ತದೆ. ಅಲ್ಲಿ ಅರಸನು ಕೇಳುವುದು ಹಸಿದವನಿಗೆ ಅನ್ನವಿಟ್ಟೆಯಾ, ಬಾಯಾರಿದವನಿಗೆ ನೀರು ಕೊಟ್ಟೆಯಾ, ಪರದೇಶಿಯನ್ನು ಸೇರಿಸಿಕೊಂಡೆಯಾ, ರೋಗಿಯನ್ನು ನೋಡಲು ಹೋದೆಯಾ ಎಂಬುದನ್ನೇ. ಇವುಗಳಲ್ಲಿ ಧನಿಕನು ಮಾತ್ರ ಮಾಡಬಹುದಾದುದು ಒಂದೂ ಇಲ್ಲ. ಇನ್ನೊಂದು ವಿಶೇಷವನ್ನು ಗಮನಿಸಬೇಕು: ಇವನ್ನು ಮಾಡಿದವರಿಗೆ ತಾವು ಮಾಡಿದ ನೆನಪೇ ಇರುವುದಿಲ್ಲ. ದಿನದಿನದ ಅಭ್ಯಾಸವಾದುದು ನೆನಪಿನಲ್ಲಿ ನಿಲ್ಲದು. ಬಾಗಿಲ ಬಳಿ ಗಡಿಗೆಯಿಟ್ಟವಳು ಎಷ್ಟು ಲೋಟ ನೀರು ಕೊಟ್ಟೆನೆಂದು ಲೆಕ್ಕವಿಡುವಳೇ?

ಫ್ರಾನ್ಸ್ ದೇಶದ ಲಿಸಿಯೂ ಪಟ್ಟಣದ ತೆರೇಸಮ್ಮನವರು ಮಠದ ಗೋಡೆಗಳೊಳಗೇ ಇದ್ದು ೧೮೯೭ರಲ್ಲಿ, ತಮ್ಮ ೨೪ನೆಯ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡರು. ಲೋಕವು ದೊಡ್ಡದೆನ್ನುವ ಕೆಲಸವೊಂದನ್ನೂ ಅವರು ಮಾಡಲಿಲ್ಲ. ಸಣ್ಣ ಕೆಲಸಗಳನ್ನು ಪ್ರೀತಿಯಿಂದ ಮಾಡುವುದನ್ನೇ ತಮ್ಮ ಮಾರ್ಗವೆಂದುಕೊಂಡರು. ೧೯೨೫ರಲ್ಲಿ ಅವರನ್ನು ಸಂತರೆಂದು ಸಾರಲಾಯಿತು. ನಮ್ಮ ನಾಡಿಗೂ ಈ ತತ್ತ್ವವು ಹೊಸದಲ್ಲ. ೧೨ನೆಯ ಶತಮಾನದ ಶರಣರು ಕಾಯಕವನ್ನೂ ದಾಸೋಹವನ್ನೂ ಬೋಧಿಸಿದರು. ಬೇಸಗೆಯಲ್ಲಿ ದಾರಿಹೋಕರಿಗಾಗಿ ಅರವಟ್ಟಿಗೆಯಿಡುವ ಪದ್ಧತಿಯು ಅದಕ್ಕಿಂತಲೂ ಹಳೆಯದು.

ಸಿದ್ಧತೆಯೆಂದರೆ ಲೋಕದ ಅಂತ್ಯವು ಯಾವ ದಿನವೆಂದು ಲೆಕ್ಕ ಹಾಕುವುದೆಂದು ಕೆಲವರು ಭಾವಿಸುವರು. ಗಡಿಗೆಯಲ್ಲಿ ಇಂದು ನೀರುಂಟೋ ಎಂದು ನೋಡುವುದೇ ಸಿದ್ಧತೆಯೆಂದು ನಮಗೆ ತೋರುತ್ತದೆ. ಕರ್ತನು ಬರುವಾಗ ಮೇಘಗಳ ಮೇಲೆಯೇ ಬರುವನೆಂದು ಕಾಯುತ್ತಿರುವವರ ಬಾಗಿಲಿಗೆ ಅವನು ಮೊಣಕಾಲು ನೋವಿನ ಮುದುಕಿಯಾಗಿ ಬಂದು, “ಒಂದು ಸಲ ಹರಿಹರಕ್ಕೆ ಕರೆದುಕೊಂಡು ಹೋಗಪ್ಪಾ” ಎಂದು ಕೇಳಿ ಹೋಗಿರಬಹುದು. ನಮ್ಮಲ್ಲಿಗೆ ಹಾಗೆ ಆರು ಸಲ ಬಂದು ಹೋದನು.

ಸಂಜೆಯ ಬಸ್ಸಿನಲ್ಲಿ ದಾವಣಗೆರೆಗೆ ಮರಳಿದೆವು. ನಮ್ಮ ಎದುರುಮನೆಯಲ್ಲಿ ಒಬ್ಬ ವೃದ್ಧರಿದ್ದಾರೆ. ಕಣ್ಣು ಮಂಜಾಗಿದೆ, ವೈದ್ಯರಲ್ಲಿಗೆ ಜೊತೆಗೊಬ್ಬರು ಬೇಕೆಂದು ಯುಗಾದಿಯ ಹೊತ್ತಿಗೇ ಹೇಳಿದ್ದರು. “ಆಗಲಿ, ಹೋಗೋಣ” ಎಂದಿದ್ದೆವು. ಆ ಸಂಜೆ ನಮ್ಮ ಮನೆಯ ಬಾಗಿಲಿಗೆ ಹೋಗುವ ಮೊದಲು ಅವರ ಬಾಗಿಲನ್ನು ತಟ್ಟಿದೆವು. “ಯಾರು?” ಎಂದು ಒಳಗಿನಿಂದ ಕೇಳಿದರು. ಹೆಸರು ಹೇಳಿ, “ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಹೊರಡೋಣ” ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಸಿದ್ಧವಾಗಿಯೇ ಇದ್ದೇನೆ” ಎಂದರು.

ಮರುದಿನ ಎಂಟಕ್ಕೆ ಐದು ನಿಮಿಷವಿರುವಾಗಲೇ ನಾವು ಅವರ ಬಾಗಿಲಲ್ಲಿದ್ದೆವು. ಅಜ್ಜಿಯ ಗಡಿಗೆಯನ್ನು ಮಗಳಿಂದ ಕೇಳಿ ಪಡೆದು ನಮ್ಮ ಜಗಲಿಯ ಮೇಲಿಟ್ಟಿದ್ದೇವೆ. ಅದಕ್ಕೆ ದಿನವೂ ನೀರು ತುಂಬುವುದು ಮನೆಯ ಮಕ್ಕಳ ಪಾಲಿನ ಕೆಲಸ. ಅವರು ಮರೆತ ದಿನ ನಾವು ತುಂಬುತ್ತೇವೆ.