ಮಂತ್ರದ ಬುತ್ತಿ

ಲೋಂಡಾ ಜಂಕ್ಷನ್ನಿನಲ್ಲಿ ರೈಲಿಗೆ ಕಾಯುವುದೂ ಒಂದು ಸುಖವೇ. ಹುಬ್ಬಳ್ಳಿಯ ಹಳಿ, ಬೆಳಗಾವಿಯ ಹಳಿ, ಗೋವೆಯ ಹಳಿ ಮೂರೂ ಕೂಡುವ ಜಾಗ; ಬೆಂಚಿನ ಈ ತುದಿಗೆ ಕನ್ನಡ, ಆ ತುದಿಗೆ ಮರಾಠಿ, ನಡುವೆ ಕೊಂಕಣಿ. ಮಳೆಗಾಲದ ಒಂದು ಮುಂಜಾನೆ ಅಲ್ಲಿ ಕೂತಿದ್ದಾಗ ಅಕ್ಕನ ಮಗ ಚೀಲದಿಂದ ಹಾಳೆ, ಪೆನ್ಸಿಲು ತೆಗೆದು ಕೇಳಿದ: “ಮಾಮಾ, ನನ್ನ ಮಾಂತ್ರಿಕ ಇವತ್ತ ಯಾವ್ಯಾವ ಮಂತ್ರ ತಯಾರ ಮಾಡ್ಕೋಬೇಕು? ಹೇಳ್ರಿ.”

ಅದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರೂ ಕಟ್ಟಿದ ಈ ಆಟ ಅಮೆರಿಕದಲ್ಲಿ 1974ರಲ್ಲಿ ಹೊರಬಂತು. ಒಬ್ಬರು ಕತೆ ನಡೆಸುತ್ತಾರೆ. ಉಳಿದವರು ವೀರ, ಕಳ್ಳ, ಮಾಂತ್ರಿಕ ಎಂದು ವೇಷ ತೊಟ್ಟು ಕತೆಯೊಳಗೆ ನಡೆಯುತ್ತಾರೆ. ನನ್ನ ಮನಸ್ಸು ಹಿಡಿದದ್ದು ಮಾಂತ್ರಿಕನ ಮುಂಜಾನೆ. ನಿದ್ದೆ ಮುಗಿಸಿ ಎದ್ದವನು ಮಂತ್ರದ ಪುಸ್ತಕ ಬಿಚ್ಚಿ, ಆ ದಿನಕ್ಕೆ ಬೇಕೆನಿಸಿದ್ದನ್ನಷ್ಟೇ ಆರಿಸಿ ಬಾಯಿಪಾಠ ಮಾಡಬೇಕು. ಹಳೆಯ ನಿಯಮದಲ್ಲಿ ಒಮ್ಮೆ ನುಡಿದ ಮಂತ್ರ ತಲೆಯಿಂದಲೇ ಅಳಿಯುತ್ತಿತ್ತು. ಎರಡು ಸಲ ಬೇಕೆಂದರೆ ಎರಡು ಸಲ ಕಲಿತಿಡಬೇಕು. ನಮ್ಮ ಕಡೆಯ ಮಾತಿನಲ್ಲಿ ಇದು ಬುತ್ತಿ. ಎರಡು ರೊಟ್ಟಿ ಕಟ್ಟಿಕೊಂಡವನಿಗೆ ಮೂರನೆಯದು ಗಂಟಿನಲ್ಲಿ ಸಿಕ್ಕದು.

ಈ ಕಲ್ಪನೆ ಬಂದದ್ದು ಜ್ಯಾಕ್ ವ್ಯಾನ್ಸ್ ಎಂಬ ಲೇಖಕರ 1950ರ ‘ದ ಡೈಯಿಂಗ್ ಅರ್ತ್’ ಪುಸ್ತಕದಿಂದ. ಅಲ್ಲಿಯ ಒಬ್ಬ ಮಹಾಮಾಂತ್ರಿಕನ ತಲೆಯಲ್ಲೂ ಭಾರಿ ಮಂತ್ರಗಳಾದರೆ 4, ಹಗುರದವಾದರೆ 6 ಮಾತ್ರ ಹಿಡಿಸುತ್ತವೆ.

ಭಾರತದ ಕತೆ ಕೇಳಿ ಬೆಳೆದವರಿಗೆ ಈ ಲೆಕ್ಕ ಹೊಸದೇ? ಇಂದ್ರ ಕೊಟ್ಟ ಶಕ್ತ್ಯಾಯುಧ ಕರ್ಣನಿಗೆ ಒಂದೇ ಸಲಕ್ಕೆ. ಅರ್ಜುನನಿಗೆಂದು ಜೋಪಾನ ಮಾಡಿದ್ದನ್ನು ಯುದ್ಧದ ಒಂದು ರಾತ್ರಿ ಘಟೋತ್ಕಚನ ಮೇಲೆ ಬಿಡಬೇಕಾಯಿತು. ಮಾದ್ರಿಯ ಜಾಣ್ಮೆಯನ್ನಂತೂ ನಾನು ಮರೆಯಲಾರೆ. ಕುಂತಿಯಿಂದ ಒಂದೇ ಸಲಕ್ಕೆ ಪಡೆದ ಮಂತ್ರದಲ್ಲಿ ಅವಳು ಕರೆದದ್ದು ಅಶ್ವಿನಿ ದೇವತೆಗಳನ್ನು. ಒಂದು ಮಂತ್ರಕ್ಕೆ ಇಬ್ಬರು ಮಕ್ಕಳು. ಮಂತ್ರ ಆರಿಸುವ ಕಲೆಗೆ ಇದಕ್ಕಿಂತ ಒಳ್ಳೆಯ ಪಾಠ ಯಾವ ನಿಯಮಪುಸ್ತಕದಲ್ಲೂ ಸಿಗದು.

ಆಟದ ನಿಯಮ ಬರಬರುತ್ತ ಸಡಿಲವಾಯಿತು. 2000ದ ಮೂರನೆಯ ಆವೃತ್ತಿಯಲ್ಲಿ ಸಾರ್ಸರರ್ ಎಂಬ ಇನ್ನೊಂದು ಬಗೆಯ ಮಾಂತ್ರಿಕ ಬಂದ: ಅವನಿಗೆ ಗೊತ್ತಿರುವುದು ಕೆಲವೇ ಮಂತ್ರ, ಆದರೆ ಮುಂಜಾನೆಯ ತಯಾರಿ ಬೇಡ. 2014ರ ಐದನೆಯ ಆವೃತ್ತಿಯಲ್ಲಿ ತಯಾರಾದ ಮಂತ್ರ ಮರೆಯುವುದಿಲ್ಲ, ಅದನ್ನು ಹಾಕುವ ಶಕ್ತಿ ಮಾತ್ರ ತೀರುತ್ತದೆ. ಹುಡುಗನ ಮಾಂತ್ರಿಕ 5ನೇ ಹಂತದವ. ಎದ್ದಾಗ ಅವನಲ್ಲಿ 9 ಸಲಕ್ಕಾಗುವಷ್ಟು ಶಕ್ತಿ, ಅದರಲ್ಲಿ ಫೈರ್‌ಬಾಲಿನಂಥ ದೊಡ್ಡದಕ್ಕೆ 2 ಸಲ.

ಅವನು ಮೊದಲು ಬರೆದದ್ದು ಫೈರ್‌ಬಾಲನ್ನೇ. ಅದಕ್ಕೆ ಬೇಕಾದ ಸಾಮಗ್ರಿ ಬಾವಲಿಯ ಹಿಕ್ಕೆ ಮತ್ತು ಗಂಧಕ ಎಂದಾಗ ನನಗೆ ಇದೇ ಖಾನಾಪುರ ತಾಲ್ಲೂಕಿನ ಭೀಮಗಡ ಕಾಡು ನೆನಪಾಯಿತು. ಅಲ್ಲಿಯ ಬಾರಾಪೆಡೆ ಗವಿಗಳಲ್ಲಿ ರಾಟನ್ ಹೆಸರಿನ ಅಪರೂಪದ ಬಾವಲಿಗಳಿವೆ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲವೆಂದೇ ಬಹುಕಾಲ ನಂಬಿದ್ದರು. ಅವುಗಳ ನೆಮ್ಮದಿಯ ಮುಂದೆ ಯಾವ ಮಂತ್ರವೂ ದೊಡ್ಡದಲ್ಲ. ಪುಣ್ಯಕ್ಕೆ ಈ ಸಾಮಗ್ರಿ ಹಾಳೆಯ ಮೇಲಷ್ಟೇ ಬೇಕು.

ಭಾಷೆ ತಿಳಿಸುವ ಮಂತ್ರ ಲೋಂಡಾಕ್ಕೆ ಹೇಳಿ ಮಾಡಿಸಿದ್ದು. ಪುಸ್ತಕದಲ್ಲಿದ್ದರೆ ಸಾಕು, ಹತ್ತು ನಿಮಿಷ ಹೆಚ್ಚು ಕೂತು ವಿಧಿಪೂರ್ವಕ ಓದಿದರೆ ಶಕ್ತಿಯೂ ಖರ್ಚಾಗದು. ತಾಳ್ಮೆಯಿದ್ದವರಿಗೆ ಕೆಲವು ವಿದ್ಯೆ ಪುಕ್ಕಟೆ.

“ಮುಂದ ಘಾಟ ಐತಿ,” ಎಂದೆ. ಗೋವೆಯ ಹಳಿಯಲ್ಲಿ ಕ್ಯಾಸಲ್‌ರಾಕ್ ದಾಟಿದರೆ 37 ಅಡಿಗೆ ಒಂದಡಿಯ ಇಳಿಜಾರು, ಆಮೇಲೆ ದೂಧಸಾಗರ ಜಲಪಾತ. ಹೆಚ್ಚಿನ ಇಂಜಿನ್ನನ್ನು ಇಳಿಯುವ ಮೊದಲೇ ಜೋಡಿಸಬೇಕು, ನಡುಘಾಟಿನಲ್ಲಿ ನೆನಪಾದರೆ ಬಾರದು. ಹುಡುಗ ಯೋಚಿಸಿ, ಒಂದು ಹೆಸರು ಅಳಿಸಿ ‘ಫೆದರ್ ಫಾಲ್’ ಬರೆದ. ಬೀಳುತ್ತಿರುವ ಐವರನ್ನು ಗರಿಯಂತೆ ಇಳಿಸುವ ಮಂತ್ರ. ಯಾಕೆಂದೆ. “ನಾ ಬೀಳಂಗಿಲ್ಲ ಮಾಮಾ. ಗೆಳ್ಯಾರ ಬಿದ್ರ?”

ನಾಳೆ ಏನಾದೀತು ಎಂದು ಊಹಿಸುವುದಕ್ಕಿಂತ ಜತೆಗೆ ಯಾರಿದ್ದಾರೆ ಎಂದು ನೆನೆದು ಆರಿಸಿದ ಮಂತ್ರವೇ ಉತ್ತಮ ಮಂತ್ರ. ಅಷ್ಟರಲ್ಲಿ ಅಕ್ಕ ಬುತ್ತಿ ಬಿಚ್ಚಿದಳು. ನಾವು ಮೂವರು, ರೊಟ್ಟಿ ಎಂಟು. ಬೆಂಚಿನ ಆ ತುದಿಯ ಅಜ್ಜಿಗೆ ಎರಡು ಕೊಟ್ಟು, ಉಳಿದದ್ದು ನಮಗೆ ಹಂಚಿದಳು.