ನಾನು ನೋಡಿದ ಕಾಲಾ ಘೋಡಾ ಹಬ್ಬ



ಕುದುರೆಯೇ ಇಲ್ಲದ ಜಾಗವನ್ನು ಐವತ್ತು ವರ್ಷ ಜನ ಕುದುರೆಯ ಹೆಸರಿನಿಂದಲೇ ಕರೆದರು ಎಂದರೆ ನಂಬುತ್ತೀರಾ? ಮುಂಬಯಿಯಲ್ಲಿ ಅಂಥ ಒಂದು ಪೇಟೆ ಉಂಟು. ಹೆಸರು ಕಾಲಾ ಘೋಡಾ, ಅಂದರೆ ಕರಿ ಕುದುರೆ. ಅಲ್ಲಿ 1999ರಿಂದ ಒಂದು ಕಲಾ ಹಬ್ಬ ನಡೆದುಕೊಂಡು ಬಂದಿದೆ. ಒಂಬತ್ತು ದಿನದ ಹಬ್ಬ. ನಾನು ಏಳನೇ ಕ್ಲಾಸಿನಲ್ಲಿದ್ದಾಗ, 2024ರ ಜನವರಿಯಲ್ಲಿ, ಅದನ್ನು ನೋಡಿ ಬಂದೆ. ಡೊಂಬಿವಿಲಿಯಲ್ಲಿ ನನ್ನ ಮಾವ ಒಂದು ರೂಮು ತೆಗೆದುಕೊಂಡಿದ್ದರು. ಅದರ ಒಕ್ಕಲಿಗೆ ಅಮ್ಮನೂ ನಾನೂ ಮತ್ಸ್ಯಗಂಧ ರೈಲಿನಲ್ಲಿ ಹೋಗಿದ್ದೆವು.

ಮೊದಲು ಕುದುರೆಯ ಕಥೆ ಹೇಳುತ್ತೇನೆ. ಬ್ರಿಟಿಷರ ರಾಜಕುಮಾರನೊಬ್ಬ 1875ರಲ್ಲಿ ಬೊಂಬಾಯಿಗೆ ಬಂದಿದ್ದ. ಮುಂದೆ 7ನೇ ಎಡ್ವರ್ಡ್ ದೊರೆಯಾದವನು ಅವನೇ. ಆ ನೆನಪಿಗೆ ಆಲ್ಬರ್ಟ್ ಸಾಸೂನ್ ಎಂಬ ದೊಡ್ಡ ವ್ಯಾಪಾರಿ, ರಾಜಕುಮಾರ ಕುದುರೆ ಮೇಲೆ ಕುಳಿತ ಕಂಚಿನ ಪ್ರತಿಮೆ ಮಾಡಿಸಿ ಕೊಟ್ಟ. ಸಾಸೂನರು ಬಗ್ದಾದಿನಿಂದ ಬಂದ ಯಹೂದಿಗಳು. ಪ್ರತಿಮೆಯ ಬಣ್ಣ ಕಪ್ಪು. ಜನ ಸವಾರನನ್ನು ಬಿಟ್ಟು ಕುದುರೆಯ ಹೆಸರನ್ನೇ ಆ ಜಾಗಕ್ಕೆ ಇಟ್ಟುಬಿಟ್ಟರು. (ರಾಜಕುಮಾರನಿಗೆ ಇದು ಗೊತ್ತಾಗಿದ್ದರೆ ಎಷ್ಟು ಸಿಟ್ಟು ಬರುತ್ತಿತ್ತೋ!) ಸ್ವಾತಂತ್ರ್ಯ ಬಂದ ಮೇಲೆ, 1965ರಲ್ಲಿ, ಅದನ್ನು ತೆಗೆದು ಬೈಕುಲಾದ ಮೃಗಾಲಯದ ತೋಟದಲ್ಲಿ ನಿಲ್ಲಿಸಿದರು. ಕುದುರೆ ಹೋಯಿತು, ಹೆಸರು ಹೋಗಲಿಲ್ಲ. 2017ರಲ್ಲಿ ಅಲ್ಲಿಗೆ ಹೊಸ ಕರಿ ಕುದುರೆ ಬಂತು. ಅದರ ಬೆನ್ನ ಮೇಲೆ ಯಾರೂ ಇಲ್ಲ. ನನಗಂತೂ ಇದೇ ಚಂದ ಕಂಡಿತು.

ಹಬ್ಬದ ದಿನಗಳಲ್ಲಿ ಆ ರಸ್ತೆಗೆ ಬಸ್ಸು ಕಾರು ಬಿಡುವುದಿಲ್ಲ. ನಮ್ಮ ಕಂಬಳದಲ್ಲಿ ಇರುವಷ್ಟೇ ಜನ. ಗುಜರಿ ಸಾಮಾನಿನಿಂದ ಮಾಡಿದ ಆಳೆತ್ತರದ ಗೊಂಬೆಗಳು, ಬೀದಿ ನಾಟಕ, ಡ್ಯಾನ್ಸು, ಮಕ್ಕಳಿಗೆ ಮಣ್ಣಿನ ಕೆಲಸ. ನೋಡಲು ದುಡ್ಡು ಕೊಡಬೇಕಾಗಿಲ್ಲ. ಅಂಗಡಿ ಸಾಮಾನಿಗೆ ಮಾತ್ರ ಕೊಡಬೇಕು; ಒಂದು ಚೀಲದ ಬೆಲೆ ಕೇಳಿದ ಅಮ್ಮ ಅದನ್ನು ಬೆಂಕಿ ಮುಟ್ಟಿದವರ ಹಾಗೆ ಬಿಟ್ಟರು.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಪೇಟೆ ತೋರಿಸುವ ನಡಿಗೆ. ಒಬ್ಬ ಅಕ್ಕ ಹಿಂದಿ ಇಂಗ್ಲಿಷ್ ಬೆರೆಸಿ ಹೇಳುತ್ತಾ ಮುಂದೆ ಹೋಗುವುದು, ಇಪ್ಪತ್ತು ಮೂವತ್ತು ಜನ ಹಿಂದೆ ಹೋಗುವುದು. ನಾವು ಹೆಸರು ಕೊಟ್ಟವರಲ್ಲ. ಆದರೂ ಬಾಲದ ಹಾಗೆ ಹೊರಟೆವು, ಯಾರೂ ಏನೂ ಹೇಳಲಿಲ್ಲ. 1870ರಲ್ಲಿ ಕಟ್ಟಿದ ಸಾಸೂನ್ ಲೈಬ್ರರಿ, 1884ರ ಯಹೂದಿಗಳ ಪ್ರಾರ್ಥನಾ ಮಂದಿರ, ಮತ್ತೆ ವಾಟ್ಸನ್ ಹೋಟೆಲ್ ಇದ್ದ ಕಟ್ಟಡ. ಅದರ ಕಬ್ಬಿಣದ ಕಂಬಗಳನ್ನೆಲ್ಲ ಇಂಗ್ಲೆಂಡಿನಿಂದ ಹಡಗಿನಲ್ಲಿ ತಂದು ಜೋಡಿಸಿದ್ದಂತೆ. ನಮ್ಮ ದೇಶದಲ್ಲಿ ಮೊಟ್ಟಮೊದಲು ಸಿನಿಮಾ ತೋರಿಸಿದ್ದು ಅಲ್ಲೇ, 1896ರ ಜುಲೈ 7ರಂದು. ಈಗ ಅದು ಬೀಳುವ ಹಾಗೆ ಆಗಿದೆ. 2019ರಲ್ಲಿ ಒಳಗಿದ್ದವರನ್ನೆಲ್ಲ ಖಾಲಿ ಮಾಡಿಸಿದರು.

ಆಗ ನನ್ನ ಪಕ್ಕದಲ್ಲಿದ್ದ ಮಾವ ಮೆಲ್ಲ ಹೇಳಿದರು, "ಮಗಾ, ಆ ಬಿಲ್ಡಿಂಗಿಗೆ ನಾನು ಎಷ್ಟು ಚಾ ಕೊಂಡುಹೋಗಿದ್ದೇನೆ ಗೊತ್ತುಂಟಾ? ಒಳಗೆ ಇದ್ದದ್ದು ಪೂರಾ ವಕೀಲರ ಆಫೀಸು."

ಮಾವ 1990ರಲ್ಲಿ ಐದನೇ ಕ್ಲಾಸು ಮುಗಿಸಿ ಊರು ಬಿಟ್ಟವರು. ಆಗ ಅವರಿಗೆ ಹನ್ನೆರಡು ವರ್ಷ. ಫೋರ್ಟಿನ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆಯುವ ಕೆಲಸ. ರಾತ್ರಿ ಕನ್ನಡ ಶಾಲೆ. ಆಮೇಲೆ ಮಲಗಲಿಕ್ಕೆ ಅದೇ ಹೋಟೆಲಿನ ಬೆಂಚು. ಹಾಗೆ ಹತ್ತನೇ ಪಾಸು ಮಾಡಿ, ಈಗ ಗಲ್ಲದಲ್ಲಿ ಕೂತುಕೊಳ್ಳುತ್ತಾರೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇಂಥ ಒಬ್ಬ ಮಾವನೋ ದೊಡ್ಡಪ್ಪನೋ ಇದ್ದಾರೆ. ಆ ಅಕ್ಕ ಹೇಳಿದ ಕಥೆಯಲ್ಲಿ ರಾಜಕುಮಾರ ಬಂದ, ಸಾಸೂನ್ ಬಂದ, ಕಬ್ಬಿಣದ ಕಂಬವೂ ಬಂತು. ಚಾ ತಂದವರು ಬರಲಿಲ್ಲ. ಅಕ್ಕನ ಮೇಲೆ ನನಗೆ ಸಿಟ್ಟಿಲ್ಲ, ಅವರು ಬಹಳ ಚೆನ್ನಾಗಿ ಹೇಳಿದರು. ಆದರೆ ನಡಿಗೆ ಮುಗಿಯುವ ಹೊತ್ತಿಗೆ ನಾನು ಎರಡು ಪೇಟೆ ನೋಡಿದ ಹಾಗಾಯಿತು. ಒಂದು ಅಕ್ಕನದ್ದು, ಇನ್ನೊಂದು ಮಾವನದ್ದು. ಯಾವ ಮೆಟ್ಟಿಲಿನಲ್ಲಿ ಮಳೆಗಾಲದಲ್ಲಿ ಜಾರುತ್ತದೆ, ಯಾವ ಆಫೀಸಿನವರು ತಿಂಗಳ ಲೆಕ್ಕ ಸರಿಯಾಗಿ ಕೊಡುತ್ತಿದ್ದರು, ಇದೆಲ್ಲ ಮಾವನಿಗೆ ಬಾಯಿಪಾಠ. ಹಿಂದೆ ಬರುತ್ತಿದ್ದ ಒಬ್ಬರು ಅಜ್ಜ ಇದನ್ನು ಕೇಳಿಸಿಕೊಂಡು ಹಿಂದಿಯಲ್ಲಿ ಮಾವನನ್ನು ವಿಚಾರಿಸತೊಡಗಿದರು. ಮಾವನಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಕೊನೆಗೆ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಹೋದೆವು. ಅದರ ಮುಂದಿನ ಫುಟ್‌ಪಾತಿನಲ್ಲೂ ಚಿತ್ರ ಇಟ್ಟುಕೊಂಡು ಕಲಾವಿದರು ಕೂತಿರುತ್ತಾರೆ. ಮಾವ ಬಾಗಿಲಲ್ಲೇ ನಿಂತರು. ಮೂವತ್ತನಾಲ್ಕು ವರ್ಷ ಎದುರಿನಿಂದ ಓಡಾಡಿದರೂ ಒಂದು ಸಲವೂ ಒಳಗೆ ಹೋದವರಲ್ಲ. "ಟಿಕೇಟು ಉಂಟು ಅಂತ ಮಾಡಿದ್ದೆ. ಮತ್ತೆ ನಮ್ಮಂಥವರು ಹೋಗಿ ಎಂತ ಮಾಡುವುದು?" ಎಂದರು. ಟಿಕೇಟು ಇಲ್ಲ. ಯಾರೂ ಅವರನ್ನು ತಡೆದೂ ಇರಲಿಲ್ಲ. ಅಮ್ಮ ಕೈ ಹಿಡಿದು ಎಳೆದುಕೊಂಡು ಹೋದರು.

ಊರಿಗೆ ಬಂದು ಡ್ರಾಯಿಂಗ್ ಮಾಸ್ಟ್ರಿಗೆ ಇದನ್ನು ಹೇಳಿದಾಗ ಅವರು ಒಂದು ವಿಷಯ ತಿಳಿಸಿದರು. 1952ರಲ್ಲಿ ಆರಂಭವಾದ ಆ ಗ್ಯಾಲರಿ ಆಗಬೇಕೆಂದು ಸರ್ ಕಾವಸ್‌ಜಿ ಜಹಾಂಗೀರ್ ಅವರನ್ನು ಒತ್ತಾಯಿಸಿದವರು ವಿಜ್ಞಾನಿ ಹೋಮಿ ಭಾಭಾ ಮತ್ತು ಚಿತ್ರಕಾರ ಕೆ. ಕೆ. ಹೆಬ್ಬಾರ್. ಹೆಬ್ಬಾರರು ಯಾರು? ಉಡುಪಿಯ ಹತ್ತಿರದ ಕಟ್ಟಿಂಗೇರಿಯವರು! ಕೂಡಲೇ ಮಾವನಿಗೆ ಫೋನು ಮಾಡಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಕಟ್ಟಿಂಗೇರಿಯವರಾ? ಹೌದಾ ಮಾರಾಯ್ತಿ?" ಎಂದರು. ಈಗ ರಜೆ ಸಿಕ್ಕಿದ ದಿನ ಒಮ್ಮೊಮ್ಮೆ ಒಳಗೆ ಹೋಗಿ ಬರುತ್ತಾರಂತೆ. "ಚಿತ್ರ ಕೆಲವು ಅರ್ಥ ಆಗುವುದಿಲ್ಲ, ಆದರೆ ಒಳಗೆ ತಂಪುಂಟು" ಎನ್ನುತ್ತಾರೆ.

ಇನ್ನು ನಮ್ಮೂರಿನ ವಿಷಯ. ನಮ್ಮ ಬಸ್‌ಸ್ಟಾಪಿಗೆ ಎಲ್ಲರೂ ಗೋಳಿಮರ ಅಂತ ಹೇಳುತ್ತೇವೆ. ಗೋಳಿಮರ ಎಲ್ಲಿದೆ? ರಸ್ತೆ ಅಗಲ ಮಾಡುವಾಗ ಕಡಿದರು, ನಾವು ಯಾರೂ ನೋಡಿದವರಲ್ಲ. ಅದರ ಕೆಳಗೆ ಯಾರು ಅಂಗಡಿ ಇಟ್ಟಿದ್ದರು, ಯಾರು ಚಪ್ಪಲಿ ಹೊಲಿಯುತ್ತಿದ್ದರು, ಮೀನಿನ ಬುಟ್ಟಿ ಯಾರು ಇಳಿಸುತ್ತಿದ್ದರು ಎಂದು ನಿಮ್ಮ ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ಬರೆದು ತನ್ನಿ. ಮರದ ಫೋಟೋ ಯಾರ ಮನೆಯಲ್ಲಾದರೂ ಇದ್ದರೆ ಡ್ರಾಯಿಂಗ್ ಮಾಸ್ಟ್ರ ಹತ್ತಿರ ಕೊಡಿ. ಶಾಲೆಯ ವಾರ್ಷಿಕೋತ್ಸವಕ್ಕೆ ಹಿಂದಿನ ಗೋಡೆಯ ಮೇಲೆ ಅದನ್ನು ದೊಡ್ಡದಾಗಿ ಬಿಡಿಸಲು ಅವರು ಒಪ್ಪಿದ್ದಾರೆ. ಬಣ್ಣಕ್ಕೆ ಮಾವ ಐನೂರು ರೂಪಾಯಿ ಕಳಿಸಿದ್ದಾರೆ.

– 9ನೇ ತರಗತಿಯ ವಿದ್ಯಾರ್ಥಿನಿ