ಔಷಧಿಗೆ ಬಗ್ಗದ ಹುಳ

ಪಶು ಆಸ್ಪತ್ರೆಯ ಕೆಲಸಕ್ಕೆ ಸೇರಿ ಶಿರಾ, ಹಿರಿಯೂರು ಕಡೆಯ ಕುರಿಹಟ್ಟಿಗಳಿಗೆ ನಾನು ಓಡಾಡತೊಡಗಿದಾಗ ಅಲ್ಬೆಂಡಜೋಲ್ ಬಾಟಲಿ ಕಂಡರೆ ಹಟ್ಟಿಯವರ ಮುಖ ಅರಳುತ್ತಿತ್ತು. ಮಳೆಗಾಲದಲ್ಲಿ ಕುರಿಯ ಗದ್ದದಡಿ ನೀರು ತುಂಬಿ ಜೋತುಬೀಳುತ್ತಿತ್ತು. ಹೊಟ್ಟೆಯೊಳಗೆ ಕೂತು ರಕ್ತ ಹೀರುವ ಹೀಮಾಂಕಸ್ ಹುಳದ ಗುರುತು ಅದು. ಔಷಧಿ ಕುಡಿಸಿದ ಕೆಲವೇ ದಿನಗಳಲ್ಲಿ ಬಾವು ಇಳಿದು ಕುರಿ ಮಂದೆಯ ಜೊತೆ ಹೆಜ್ಜೆ ಹಾಕುತ್ತಿತ್ತು.

ಬರಬರುತ್ತಾ ಬಾಟಲಿ ಊರಿನ ಅಂಗಡಿಗೇ ಬಂತು. ಮೂರು ತಿಂಗಳಿಗೊಮ್ಮೆ ಇಡೀ ಮಂದೆಗೆ ಕುಡಿಸುವುದು ವಾಡಿಕೆಯಾಯಿತು. ತೂಕ ನೋಡುವವರಿಲ್ಲ, ಎಲ್ಲ ಕೈಯಂದಾಜು. ಮೇಕೆಯ ದೇಹ ಈ ಔಷಧಿಯನ್ನು ಕುರಿಗಿಂತ ಬೇಗ ಕರಗಿಸಿಬಿಡುತ್ತದೆ, ಅದಕ್ಕೆ ಪ್ರಮಾಣ ಹೆಚ್ಚು ಬೇಕು. ಅದಕ್ಕೂ ಕುರಿಯ ಲೆಕ್ಕದಲ್ಲೇ ಕುಡಿಸಿದರು. ಅರೆಬರೆ ಔಷಧಿಗೆ ಸಾಯುವ ಹುಳ ಸತ್ತಿತು, ತಡೆದುಕೊಂಡದ್ದು ಉಳಿಯಿತು. ಒಂದು ಹೆಣ್ಣುಹುಳ ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಹಿಕ್ಕೆಯಿಂದ ಹುಲ್ಲಿಗೆ, ಹುಲ್ಲಿನಿಂದ ಮರಿಗಳ ಹೊಟ್ಟೆಗೆ ಆ ಗಟ್ಟಿ ಸಂತಾನವೇ ಹರಡಿತು.

"ಡಾಕ್ಟ್ರೇ, ಔಷ್ದಿ ಕುಡ್ಸಿ ಹದ್ನೈದ್ ದಿನ ಆತು, ಬಾವು ಇಳೀಲಿಲ್ಲ. ಕಲಬೆರಕೆ ಮಾಲು ಇರ್ಬೇಕು" ಎಂದರು ಹಟ್ಟಿಯ ಹಿರಿಯರೊಬ್ಬರು. ಹಿಕ್ಕೆ ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊಟ್ಟೆ ಮೊದಲಿನಷ್ಟೇ. ಬೇರೆ ಕಂಪನಿಯ ಫೆನ್‌ಬೆಂಡಜೋಲ್ ತಂದು ಕುಡಿಸಿದರು. ಅದೂ ಅದೇ ಗುಂಪಿನ ಮದ್ದು. ಹುಳ ಕದಲಲಿಲ್ಲ. ಆ ಮಳೆಗಾಲದಲ್ಲಿ ಸತ್ತ ಮರಿಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮನೆಯ ಮದುವೆ, ಮಕ್ಕಳ ಓದು ಎಲ್ಲ ಆ ಮರಿಗಳ ಮೇಲೇ ನಿಂತಿತ್ತು.

ಇದು ನಮ್ಮ ಸೀಮೆಯದಷ್ಟೇ ಕಥೆಯಲ್ಲ. ಈ ಗುಂಪಿನ ಮೊದಲ ಮದ್ದು ಥಯಾಬೆಂಡಜೋಲ್ ಬಂದದ್ದು 1961ರಲ್ಲಿ. ಅದಕ್ಕೆ ಬಗ್ಗದ ಹುಳ 1964ರಲ್ಲೇ ಅಮೆರಿಕದ ಕುರಿಗಳಲ್ಲಿ ವರದಿಯಾಯಿತು. 1981ರಲ್ಲಿ ಬಂದ ಐವರ್ಮೆಕ್ಟಿನ್ ಕೂಡ ಆ ದಶಕ ಮುಗಿಯುವ ಮುನ್ನವೇ ದಕ್ಷಿಣ ಆಫ್ರಿಕದ ಕೆಲವು ಮಂದೆಗಳಲ್ಲಿ ಸೋತಿತ್ತು. ಕೆಳರೆಪ್ಪೆ ಮಡಚಿ ಬಣ್ಣ ನೋಡುವ ಫಮಾಚಾ ಪಟ್ಟಿಯನ್ನು ರೂಪಿಸಿದವರೂ ಅಲ್ಲಿಯವರೇ. ರೆಪ್ಪೆಯೊಳಗು ಕೆಂಪಗಿದ್ದರೆ ಔಷಧಿ ಬೇಡ, ಬಿಳಿಚಿಕೊಂಡಿದ್ದರೆ ಮಾತ್ರ ಕೊಡಬೇಕು. ಔಷಧಿ ಕೊಡದ ಕುರಿಗಳಲ್ಲಿ ಸಾಧು ಹುಳಗಳೂ ಉಳಿದು, ಗಟ್ಟಿ ಹುಳಗಳ ಕೈ ಮೇಲಾಗುವುದು ತಡವಾಗುತ್ತದೆ.

ಅರ್ಧ ಮಂದೆಗೆ ಔಷಧಿ ಬಿಡಿ ಎಂದಾಗ ಹಟ್ಟಿಯವರು ಒಪ್ಪಲಿಲ್ಲ. ರೆಪ್ಪೆ ನೋಡುವುದನ್ನು ಮಾತ್ರ ಥಟ್ಟನೆ ಹಿಡಿದರು. ಸಂತೆಯಲ್ಲಿ ಕಣ್ಣು ಬಿಡಿಸಿ ನೋಡಿಯೇ ಕುರಿಗೆ ಬೆಲೆ ಕಟ್ಟುವವರು ಅವರು.

ಕುರಿ, ಮೇಕೆ ಸಾಕುವವರಲ್ಲಿ ನನ್ನ ಕೋರಿಕೆ ಇಷ್ಟು: ಔಷಧಿ ಕುಡಿಸುವ ದಿನ ಒಮ್ಮೆ, 14 ದಿನ ಕಳೆದು ಇನ್ನೊಮ್ಮೆ ಹಿಕ್ಕೆಯನ್ನು ಪಶು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ. ಮೊಟ್ಟೆಗಳು ನೂರಕ್ಕೆ 95ರಷ್ಟಾದರೂ ಇಳಿಯದಿದ್ದರೆ ವೈದ್ಯರನ್ನು ಕೇಳದೆ ಅದೇ ಔಷಧಿಯನ್ನು ಮತ್ತೆ ಕೊಳ್ಳಬೇಡಿ.